ಅಡ್ಡ ಬಂದ ಟೊಂಗೆ

ಮೇ ತಿಂಗಳ ಆ ಭಾನುವಾರ ಡೊಂಬಿವಲಿಯಿಂದ ಬೆಳಗಿನ ಆರರ ಸ್ಲೋ ಲೋಕಲ್ ಹಿಡಿದೆ. ಠಾಣೆಯಲ್ಲಿ ಗಾಡಿ ಬದಲಿಸಿ ಕೋಪರಖೈರಣೆ ತಲುಪುವಷ್ಟರಲ್ಲಿ ಕುರ್ತಾ ಬೆನ್ನಿಗೆ ಅಂಟಿತ್ತು. ಅಲ್ಲಿಂದ ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಂಡೆಗೆ ಷೇರ್ ರಿಕ್ಷಾ, ಇಪ್ಪತ್ತು ರೂಪಾಯಿ. ಹೆಗಲಲ್ಲಿ ಮೂರು ತಿಂಗಳ ಹಿಂದೆ ಕೊಂಡ ಕ್ಯಾಮೆರಾ, ತಲೆಯಲ್ಲಿ ನಮ್ಮ ಫೋಟೋ ಮೇಷ್ಟ್ರ ಮಾತು: "ಹಕ್ಕಿಗೆ ಏನೂ ಅಡ್ಡ ಬರಬಾರದು." ನನ್ನ ಚಿತ್ರಗಳಲ್ಲಿ ಹಕ್ಕಿಗಿಂತ ಅಡ್ಡ ಬಂದದ್ದೇ ಹೆಚ್ಚು. ತಂತಿ, ಎಲೆ, ಒಮ್ಮೆ ನನ್ನದೇ ಬೆರಳು. ಒಂದಾದರೂ ಒಳ್ಳೆಯ ಚಿತ್ರ ತೆಗೆದು ಅವರಿಂದ ಭೇಷ್ ಅನ್ನಿಸಿಕೊಳ್ಳಬೇಕೆಂಬ ಹಟ ಹತ್ತಿತ್ತು.

ದಂಡೆಯ ನರ್ಸರಿಯಲ್ಲಿ ಗಿಡಗಳಿಗೆ ನೀರುಣಿಸುವ ಶರಣಮ್ಮ ಕಲಬುರಗಿಯವರು. ಹಿಂದಿನ ವಾರ ಪರಿಚಯವಾಗಿ, ಪಿಕಳಾರ ಹಕ್ಕಿಯ ಗೂಡು ತೋರಿಸುತ್ತೇನೆಂದು ಕರೆದಿದ್ದರು. "ದೂರ ನಿಂತು ನೋಡ್ರಿ ಅಕ್ಕಾರ, ತಾಯಿ ಅಂಜತದ," ಎಂದು ಲಿಂಬೆಗಿಡ ತೋರಿಸಿ, ಪೈಪು ಎಳೆದುಕೊಂಡು ಆಚೆ ಹೋದರು.

ಎದೆಯೆತ್ತರದ ಗೂಡಿನಲ್ಲಿ ಎರಡು ಮರಿ. ಒಂದು ಟೊಂಗೆ ಮಾತ್ರ ಸರಿಯಾಗಿ ಅವುಗಳ ಮುಖಕ್ಕೇ ಅಡ್ಡ. ಬಲಕ್ಕೆ ಸರಿದೆ, ಕುಕ್ಕರಗಾಲಲ್ಲಿ ಕೂತೆ, ಪ್ರಯೋಜನವಾಗಲಿಲ್ಲ. ತಾಯಿ ಹುಳು ತರಲು ಹೋಗಿತ್ತು. ಹತ್ತಿರ ಹೋಗಿ ಟೊಂಗೆಯನ್ನು ಮುರಿದೆ.

ಹಿಂದೆ ಸರಿದು ಚಿತ್ರ ತೆಗೆದೆ. ಗೂಡು ಚೌಕಟ್ಟಿನ ಒಂದು ಬದಿಗೆ, ಬೆಳಕಿನತ್ತ ತೆರೆದ ಎರಡು ಕೊಕ್ಕು, ಹಿಂದೆ ಬರೀ ಹಸಿರು. ಅದನ್ನು ಮೊಬೈಲಿಗೆ ಇಳಿಸಿ ಮೇಷ್ಟ್ರಿಗೆ ಕಳಿಸಿಯೂ ಬಿಟ್ಟೆ. ಆಮೇಲೆ ಶರಣಮ್ಮನಿಗೆ ತೋರಿಸಲು ಓಡಿದೆ.

ಅವರು ಚಿತ್ರ ನೋಡಲಿಲ್ಲ, ನನ್ನ ಕೈಯಲ್ಲೇ ಉಳಿದಿದ್ದ ಟೊಂಗೆ ನೋಡಿದರು.

"ಯಾಕ ಮುರದ್ರಿ ಇದನ್ನ? ಬಿಲ್ಡಿಂಗ್ ಕೆಲಸಕ್ಕ ಹೋದಾಗ ನಾವು ಸೀರಿ ಅಡ್ಡ ಕಟ್ಟಿ ಕೂಸಿಗಿ ಮಲಗಸ್ತಿದ್ವಿ. ಇದು ಅವಕ್ಕ ಸೀರಿ ಇದ್ದಂಗ್ರಿ!"

ಪೈಪು ಬಿಸಾಡಿ ಓಡಿದರು. ನಾವು ತಲುಪುವ ಮೊದಲೇ ಗಿಡದಿಂದ ಕಾಗೆ ಹಾರಿತು. ಗೂಡಿನಲ್ಲಿ ಒಂದೇ ಮರಿ ಉಳಿದಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಆ ಬೆಕ್ಕು ನಾನೇ ಎಂದು ತಿಳಿದು ನಾಚಿಕೆಯಿಂದ ಕುಗ್ಗಿಹೋದೆ.

ಶರಣಮ್ಮ ತಲೆಯ ಮೇಲಿನ ಬಟ್ಟೆಯಂಚು ಹರಿದರು. ನಾನು ಟೊಂಗೆ ಹಿಡಿದೆ, ಅವರು ಮೊದಲಿದ್ದಲ್ಲೇ ಕಟ್ಟಿದರು. "ಎಲಿ ಬಾಡಿದ್ರೂ ನಾಕ್ ದಿನಾ ಉದರಂಗಿಲ್ಲ. ಅಷ್ಟರಾಗ ಇದಕ್ಕ ರೆಕ್ಕಿ ಬಲೀತಾವ," ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದೂರದಲ್ಲಿ ಕೂತು ಕಾದೆವು. ಅರ್ಧ ಗಂಟೆಯ ಮೇಲೆ ತಾಯಿ ಬಂತು. ಒಂದು ಬಾಯಿಗೆ ಹುಳು ಕೊಟ್ಟು, ಗೂಡಿನ ಅಂಚಿನಲ್ಲಿ ಆ ಕಡೆ ಈ ಕಡೆ ಬಗ್ಗಿ ನೋಡಿತು. ನಾನು ಕ್ಯಾಮೆರಾ ಚೀಲದಿಂದ ತೆಗೆಯಲಿಲ್ಲ.

ಮರಳುವಾಗ ಠಾಣೆಯಲ್ಲಿ ಡೊಂಬಿವಲಿ ಗಾಡಿಗೆ ಕಾಯುತ್ತಿದ್ದಾಗ ಮೇಷ್ಟ್ರ ಉತ್ತರ ಬಂತು: "ಭೇಷ್! ಈ ಸಲ ಏನೂ ಅಡ್ಡ ಬಂದಿಲ್ಲ."

ಗಾಡಿ ಹತ್ತಿ ಚಿತ್ರವನ್ನು ಮತ್ತೆ ತೆರೆದೆ. ಅದರಲ್ಲಿ ಮರಿಗಳು ಇನ್ನೂ ಎರಡಿದ್ದವು.