ಮಸ್ಕತ್ತಿಗೆ ಹೊರಟ ಹದಿಮೂರು ಡಿಗ್ರಿ

ನಾಲ್ಕು ವರ್ಷದ ಹಿಂದೆ, ಏಪ್ರಿಲ್ ಕೊನೆಯ ವಾರ. ಆಗ ನಾನು ಪುಣೆಯ ಗುಲ್ಟೇಕಡಿ ಹತ್ತಿರದ ಒಂದು ಪ್ಯಾಕ್‌ಹೌಸಿನಲ್ಲಿ ಮುಕಾದಮನಾಗಿದ್ದೆ. ಪರದೇಶಕ್ಕೆ ಹೋಗುವ ಹಣ್ಣನ್ನು ಆರಿಸಿ, ಡಬ್ಬಿ ತುಂಬಿಸಿ, ತಂಪು ಕಂಟೇನರಿಗೆ ಏರಿಸುವವರೆಗೂ ಹೊಣೆ ನನ್ನದು. ನಾನು ಓದಿದ್ದು ಧಾರವಾಡ ಕಡೆಯ ಹಳ್ಳಿಯಲ್ಲಿ ಮೂರನೆಯ ಇಯತ್ತೆವರೆಗೆ. ಇಂಗ್ಲಿಷ್ ಅಂಕಿಗಳನ್ನು ಪುಣೆಗೆ ಬಂದಮೇಲೆ ಡಬ್ಬಿ ಎಣಿಸುತ್ತ ಕಲಿತವನು.

ಅಂದು ಬೆಳಿಗ್ಗೆ ಹತ್ತಕ್ಕೆ ಅಳಿಯನ ಫೋನು ಬಂತು. ಮಗಳು ಹೆತ್ತಿದ್ದಳು, ಹೆಣ್ಣುಕೂಸು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಮೊದಲ ಕೂಸು. ಅದೇ ಕೂಸು ಈಗ ಬರೆಯುತ್ತಿರುವ ನನ್ನ ಹೆಗಲಿಗೆ ಜೋತುಬಿದ್ದಿದೆ, ಇಳಿ ಎನ್ನಲು ನನಗೆ ಮನಸ್ಸಿಲ್ಲ. ಅಂದು ಓಡಿಹೋಗಿ ಪೇಢೆ ತಂದೆ. ಡಬ್ಬಿ ತುಂಬುವ ಹೆಣ್ಣುಮಕ್ಕಳಿಗೆಲ್ಲ ಹಂಚಿದೆ. ವಾಚ್‌ಮನ್ನನಿಗೆ ಎರಡು ಸಲ ಕೊಟ್ಟೆನಂತೆ, ನನಗೆ ನೆನಪಿಲ್ಲ.

ಅಂದೇ ಒಮಾನ್ ದೇಶದ ಮಸ್ಕತ್ತಿಗೆ ಆಪೂಸ್ ಮಾವಿನ ಕಂಟೇನರು ಹೊರಡಬೇಕಿತ್ತು. ಅಲ್ಲಿನ ಹೊಸ ಗಿರಾಕಿಯ ಮೊದಲ ಮಾಲು. ಮಾವಿಗೆ ಹದಿಮೂರು ಡಿಗ್ರಿ ತಂಪು ಬೇಕು. ಅದಕ್ಕಿಂತ ಬಹಳ ಇಳಿದರೆ ಸಿಪ್ಪೆ ಬೂದಿಬಣ್ಣಕ್ಕೆ ತಿರುಗಿ, ಹಣ್ಣು ಮಾಗುವುದೇ ಇಲ್ಲ. ದ್ರಾಕ್ಷಿಗಾದರೆ ಸೊನ್ನೆಯ ಹತ್ತಿರ ಇಡುತ್ತಾರೆ. ಕಂಟೇನರಿನ ಯಂತ್ರದಲ್ಲಿ ಡಿಗ್ರಿ ಹೊಂದಿಸುತ್ತಿದ್ದ ತಾನಾಜಿ, ಭೋರ್ ಕಡೆಯ ಮರಾಠಿ ಮನುಷ್ಯ, ಕೆಲಸಕ್ಕೆ ಸೇರಿದ್ದೇ ದ್ರಾಕ್ಷಿ ಹಂಗಾಮಿನಲ್ಲಿ. ಮಾವು ಅವನಿಗೆ ಹೊಸದು. ನಾನು ಚೀಟಿಯ ಮೇಲೆ ಡಿಗ್ರಿ ಬರೆದುಕೊಟ್ಟೆ. ಅವನು ಅದನ್ನು ಯಂತ್ರದಲ್ಲಿ ಹೊಂದಿಸಿ, ಚೀಟಿಯನ್ನು ಡ್ರೈವರನ ಕೈಗಿತ್ತ. ಗಾಡಿ ಬಂದರಿಗೆ ಹೋಯಿತು.

ಮೂರನೆಯ ದಿನ ಮಾಲಕರು ನನ್ನನ್ನು ಕರೆಸಿದರು. ಅವರು ಬೆಳಗಾವಿಯ ಹೆಣ್ಣುಮಗಳು, ನಾವೆಲ್ಲ ಅಕ್ಕಾವ್ರು ಅನ್ನುತ್ತಿದ್ದೆವು. ಬಂದರಿನಿಂದ ಬಂದ ಕಾಗದ ಅವರ ಕೈಯಲ್ಲಿತ್ತು.

"ಕಾಕಾ, ಮಾವಿನಹಣ್ಣಿಗೆ ಮೂರು ಡಿಗ್ರಿ ಯಾರ್ ಇಡತಾರ್ರೀ?"

"ಮೂರಲ್ರೀ ಅಕ್ಕಾವ್ರ, ಹದಿಮೂರು ಬರದೀನ್ರೀ."

"ತಾನಾಜಿ ಮೂರು ಇತ್ತು ಅಂತಾನ."

"ಅಂವಾ ನಿದ್ದಿಗಣ್ಣಾಗ ಓದ್ಯಾನ ಬಿಡ್ರೀ."

ನಾನು ಸುಳ್ಳು ಹೇಳಲಿಲ್ಲ. ಹದಿಮೂರು ಬರೆದದ್ದು ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಹಡಗು ಹಿಂದಿನ ಸಂಜೆಯೇ ಬಂದರು ಬಿಟ್ಟಿತ್ತು. ಹಡಗಿನವರಿಗೆ ಫೋನು ಮಾಡಿದರೆ ಬಾಯಿಮಾತು ನಡೆಯದು, ಕಾಗದ ಕಳಿಸಿ ಅಂದರು. ಕಾಗದ ಕಳಿಸಿದರೆ ಅದರ ಮೇಲಿನ ಸಿಕ್ಕಾಮೊಹರು ಸರಿಯಿಲ್ಲ ಅಂದರು. ನಡುವೆ ಭಾನುವಾರ ಬಂತು. ನಮ್ಮ ಕೈಯಾರೆ ಒರೆಸಿ ತುಂಬಿದ ಹಣ್ಣು ನೀರಿನ ಮೇಲೆ ಕೆಡುತ್ತಿತ್ತು, ನಾವು ಆಫೀಸಿನ ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆವು. ಯಂತ್ರ ಹದಿಮೂರಕ್ಕೆ ಏರಿದ್ದು ಆರನೆಯ ದಿನ. ಒಂಬತ್ತನೆಯ ದಿನ ಮಸ್ಕತ್ತಿನಿಂದ ಫೋಟೋ ಬಂದವು. ಒಂದೊಂದು ಹಣ್ಣೂ ಬೂದಿ ಬಳಿದಂತಿತ್ತು.

ಅಷ್ಟರೊಳಗೆ ತಾನಾಜಿಯನ್ನು ತೆಗೆದಾಗಿತ್ತು. ತಪ್ಪು ಮಾಡಿದವನನ್ನು ಕೆಲಸದಿಂದ ಬಿಡಿಸಿದ್ದೇವೆ ಎಂದು ಅವನ ಹೆಸರು ಬರೆದು ಗಿರಾಕಿಗೆ ಪತ್ರವೂ ಹೋಗಿತ್ತು. ಹೋಗುವಾಗ ಅವನು ನನ್ನ ಮುಖ ನೋಡಿದ. ನಾನು ಡಬ್ಬಿ ಎಣಿಸುತ್ತಿದ್ದೆ.

ಮುಂದಿನ ವಾರ ಅದೇ ಡ್ರೈವರ್ ತನ್ನ ಕಾಗದಪತ್ರದ ಜೊತೆ ನನ್ನ ಚೀಟಿಯನ್ನೂ ತಿರುಗಿ ತಂದ. ಬಿಡಿಸಿ ನೋಡಿದೆ. ೧೩ ಎಂದು ಕನ್ನಡದಲ್ಲಿ ಬರೆದಿದ್ದೆ. ಪುಣೆಗೆ ಬಂದ ಇಪ್ಪತ್ತೆಂಟು ವರ್ಷದಲ್ಲಿ ಒಮ್ಮೆಯೂ ಹಾಗೆ ಬರೆದವನಲ್ಲ. ಸಂತೋಷದ ಭರದಲ್ಲಿ ಕೈ ತಾನಾಗಿಯೇ ಮೂರನೆಯ ಇಯತ್ತೆಗೆ ಹೋಗಿತ್ತು. ಅವಸರಕ್ಕೆ ಒಂದರ ಬಾಯಿ ಮುಚ್ಚಿಕೊಂಡಿತ್ತು. ಕನ್ನಡ ಬಾರದವನಿಗೆ ಅದು ಸೊನ್ನೆ, ಪಕ್ಕದಲ್ಲಿ ಮರಾಠಿಯದನ್ನೇ ಹೋಲುವ ಮೂರು.

ಚೀಟಿಯನ್ನು ಅಕ್ಕಾವ್ರ ಮೇಜಿನ ಮೇಲಿಟ್ಟೆ. ಬಾಯಿ ಮುಚ್ಚಿದ ಒಂದನ್ನು ಬೆರಳಿಟ್ಟು ತೋರಿಸಿದೆ.

"ನನ್ನ ತೆಗೀರಿ, ಅವನ್ನ ಕರಸ್ರೀ."

"ಹಂಗಾಮದ ನಡುವ ನಿಮ್ಮನ್ನ ತಗದು ಪ್ಯಾಕಿಂಗ್ ನಾ ಮಾಡ್ಲೇನು? ಪತ್ರ ಹೋಗೇದ, ಕಾಕಾ. ಈಗ ತಪ್ಪು ಅವಂದಲ್ಲ ಅಂದ್ರ ಮುಂದ ನಮ್ಮ ಯಾವ ಕಾಗದ ನಂಬತಾರ ಅವರು?"

ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದೇ ಮಾತು. ಮಳೆಗಾಲದ ಹೊತ್ತಿಗೆ ನಾನೇ ಕೆಲಸ ಬಿಟ್ಟೆ, ಆದರೆ ಅದರಿಂದ ಅವನಿಗೇನೂ ಸಿಗಲಿಲ್ಲ.

ಕೆಲಸ ಬಿಡುವ ಮೊದಲು ಒಂದು ರವಿವಾರ ಬಸ್ಸು ಹಿಡಿದು ಭೋರಿಗೆ ಹೋದೆ. ತಾನಾಜಿ ಕಟ್ಟೆಯ ಮೇಲೆ ಕೂತಿದ್ದ. ಚೀಟಿ ಕೊಟ್ಟೆ.

"ಹೇ ಶೂನ್ಯಚ್ ಆಹೇ, ಕಾಕಾ," ಅಂದ. ಇದು ಸೊನ್ನೆಯೇ ಅಲ್ಲವೇ ಎಂಬ ದನಿ.

ಕನ್ನಡದಲ್ಲಿ ಅದು ಒಂದು ಎಂದು ಮರಾಠಿಯಲ್ಲಿ ಹೇಳಿದೆ. ಅವನು ಚೀಟಿಯನ್ನು ಓರೆಮಾಡಿ ಹಿಡಿದು ನೋಡಿದ, ಮಡಚಿ ನನ್ನ ಕೈಗೇ ಇಟ್ಟ.

"ಮಗ್ ಮೀ ಕಾಯ್ ಚುಕಲೋ?"

ಹಾಗಾದರೆ ನಾನೇನು ತಪ್ಪಿದೆ ಎಂದು ಕೇಳಿದ್ದ. ಏನೂ ಇಲ್ಲ ಅಂದೆ. ಆ ಮಾತನ್ನು ಮಸ್ಕತ್ತಿಗೆ ಬರೆದು ಕಳಿಸುವ ಅಧಿಕಾರ ನನಗಿರಲಿಲ್ಲ.

ಕೆಲಸ ನನಗೆ ಕಲಿಸಿದ್ದು ಇಷ್ಟು: ಅಂಕಿಯನ್ನು ಬರೆದುಕೊಟ್ಟರೆ ಸಾಲದು, ಓದುವವನ ಬಾಯಿಂದ ಅದನ್ನು ತಿರುಗಿ ಕೇಳಬೇಕು. ಆ ಬೆಳಿಗ್ಗೆ ನಾನು ತಾನಾಜಿಗೆ ಕೂಸಿನ ತೂಕ ಹೇಳಿದೆ, ಮೂಗು ಯಾರದೆಂದು ಹೇಳಿದೆ, ಹುಟ್ಟಿದ ಗಳಿಗೆಯನ್ನೂ ಹೇಳಿದೆ. ಹದಿಮೂರಕ್ಕೆ ಮರಾಠಿಯವರು ಅನ್ನುವ ತೇರಾ ಎಂಬ ಒಂದು ಮಾತು ಹೇಳಲಿಲ್ಲ.