ಮಂಜಿನಾಚೆಯ ಚಿಮ್ನಿ

ಆ ಸಣ್ಣ ವಿಮಾನ ನಿಲ್ದಾಣದಲ್ಲಿ ಮೋಡದಕ್ಕ ಅಂದರೆ ಯಾರಿಗೆ ಗೊತ್ತಿಲ್ಲ! ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ. ಅರ್ಧ ಗಂಟೆಗೊಮ್ಮೆ ಹವಾಮಾನ ಕಚೇರಿಯ ತಾರಸಿ ಹತ್ತಿ, ಎಷ್ಟು ದೂರ ಕಾಣುತ್ತದೆಂದು ನೋಡಿ ಬರುವುದು. ನೋಡುವುದಕ್ಕೂ ಸಂಬಳವೇ ಎಂದು ಗಂಡ ಗೇಲಿ ಮಾಡಿದರೆ, ದಿನಾ ನಿಮ್ಮ ಕನ್ನಡಕ ಹುಡುಕಿಕೊಡುವುದಕ್ಕೆ ಯಾರೂ ಕೊಡುತ್ತಿಲ್ಲವಲ್ಲ ಎಂದು ಬಾಯಿ ಮುಚ್ಚಿಸುತ್ತಿದ್ದಳು. ನೀರಿನ ಟ್ಯಾಂಕು ಕಂಡರೆ ಐನೂರು ಮೀಟರ್. ಮುಚ್ಚಿಹೋದ ಕಾಗದದ ಕಾರ್ಖಾನೆಯ ಚಿಮ್ನಿ ಕಂಡರೆ ಒಂದೂವರೆ ಸಾವಿರ. ಅಷ್ಟು ಕಂಡರೆ ಮಾತ್ರ ವಿಮಾನಕ್ಕೆ ಇಳಿಯಲು ಅನುಮತಿ.

ಆ ದಿನ ರಜೆ ಮುಗಿಸಿ ಬಂದಿದ್ದಳು. ಎರಡು ದಿನದಿಂದ ಮಂಜು ಬಿಟ್ಟಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ತಾರಸಿ ಹತ್ತಿದಾಗ ಟ್ಯಾಂಕೇ ಮಸುಕಾಗಿತ್ತು. ಆದರೂ ಅದರ ಬಲಕ್ಕೆ, ದೂರದಲ್ಲಿ, ಚಿಮ್ನಿ ತೆಳ್ಳಗೆ ನಿಂತಿತ್ತು. ಕಣ್ಣುಜ್ಜಿ ನೋಡಿದಳು, ಇತ್ತು. ಒಂದೂವರೆ ಸಾವಿರ ಎಂದು, ವಿಮಾನಗಳ ಜೊತೆ ರೇಡಿಯೊದಲ್ಲಿ ಮಾತಾಡುವ ಟವರ್‌ನವನಿಗೆ ಫೋನಿನಲ್ಲಿ ಹೇಳಿದಳು.

ಬರುತ್ತಿದ್ದದ್ದು ಔಷಧಿ ಡಬ್ಬ ತರುವ ಪುಟ್ಟ ವಿಮಾನ. ಪೈಲಟ್ ಒಬ್ಬನೇ, ಹತ್ತು ವರ್ಷದಿಂದ ಅದೇ ದಾರಿಯವನು. ಮಂಜಿನಲ್ಲಿ ಉಪಕರಣಗಳನ್ನು ನಂಬಿಕೊಂಡು ಇಳಿಯಬೇಕು. ಗೊತ್ತುಮಾಡಿದ ಎತ್ತರಕ್ಕೆ ಬಂದರೂ ಹೊರಗೆ ಏನೂ ಕಾಣದಿದ್ದರೆ ಮತ್ತೆ ಮೇಲೇರಬೇಕು. ಅವನು ಏರಲಿಲ್ಲ. ರನ್‌ವೇ ಮುಟ್ಟುವ ಮುಂಚೆಯೇ ಮರಗಳಿಗೆ ಬಡಿದು ಸತ್ತುಹೋದ.

ಮಧ್ಯಾಹ್ನ ಮಂಜು ಕರಗಿತು. ತಾರಸಿಯಿಂದ ನೋಡಿದರೆ ಟ್ಯಾಂಕಿನ ಬಲಕ್ಕೆ ಬರೀ ಆಕಾಶ. ಕಾರ್ಖಾನೆಯ ಪಕ್ಕದಲ್ಲೇ ಮನೆಯಿದ್ದ ನಿಲ್ದಾಣದ ಹುಲ್ಲು ಕೊಯ್ಯುವವನನ್ನು ಚಿಮ್ನಿ ಎಲ್ಲಿ ಎಂದು ಕೇಳಿದಳು.

"ನಿನ್ನೆನೇ ಕೆಡವಿದ್ರಲ್ಲಕ್ಕ," ಎಂದ ಅವನು.

ಮನೆಗೆ ಹೋಗಿ ಗಂಡನಿಗೆ ಎಲ್ಲ ಹೇಳಿದಳು. ರಿಜಿಸ್ಟರಿನಲ್ಲಿ ಬರೀ ಅಂಕಿ ಇದೆ, ಚಿಮ್ನಿಯ ಮಾತು ಇಲ್ಲ, ಸುಮ್ಮನಿರು ಎಂದ ಗಂಡ. ಆ ಕ್ಷಣಕ್ಕೆ ಮಂಜು ತೆಳುವಾಗಿತ್ತು ಎಂದು ವಿಚಾರಣೆಯ ಅಧಿಕಾರಿಗೆ ಬರೆದುಕೊಟ್ಟಳು. ಅವರು ನಂಬಿದರು. ಇಷ್ಟು ವರ್ಷದಲ್ಲಿ ಒಂದು ತಪ್ಪಿಲ್ಲದವಳನ್ನು ನಂಬದೆ ಏನು! ಆದರೆ ಮಂಜು ಕವಿದ ಬೆಳಿಗ್ಗೆಗಳಲ್ಲಿ ಚಿಮ್ನಿ ಬಂದು ಅಲ್ಲೇ ನಿಲ್ಲುತ್ತಿತ್ತು. ಬಿಸಿಲು ಬಿದ್ದರೆ ಇರುತ್ತಿರಲಿಲ್ಲ. ಅವಳು ಅದರತ್ತ ನೋಡದೆ ಐನೂರು ಎಂದು ಹೇಳಿ, ಬೇಗಬೇಗ ಮೆಟ್ಟಿಲಿಳಿಯುತ್ತಿದ್ದಳು.

ವಿಚಾರಣೆ ಅದೇ ಕಚೇರಿಯ ಮಹಡಿಯಲ್ಲಿ ನಡೆಯಿತು. ಪೈಲಟ್‌ನ ಹೆಂಡತಿ ಮೂಲೆಯ ಕುರ್ಚಿಯಲ್ಲಿ ತಲೆತಗ್ಗಿಸಿ ಕೂತಿದ್ದಳು. ಅಧಿಕಾರಿ ರೇಡಿಯೊ ಧ್ವನಿಮುದ್ರಣ ಹಾಕಿದರು. ಮೊದಲು ಪೈಲಟ್, ಹೊರಗೆ ಏನೂ ಗೊತ್ತಾಗುತ್ತಿಲ್ಲ, ಮೇಲೇರುತ್ತೇನೆ ಎಂದ. ಆಮೇಲೆ ಕೇಳಿದ:

"ದೂರ ನೋಡಿದ್ದು ಯಾರು, ಅಕ್ಕಾನಾ?"

"ಹೌದು, ಅಕ್ಕಾನೇ," ಎಂದ ಟವರ್‌ನವನು.

"ಹಾಗಾದ್ರೆ ಇರುತ್ತೆ... ಹ್ಞಾಂ, ಚಿಮ್ನಿ ಕಾಣ್ತು. ಇಳೀತೀನಿ."

ಅಧಿಕಾರಿ ಯಂತ್ರ ನಿಲ್ಲಿಸಿದರು. ಇಲ್ಲದ ಚಿಮ್ನಿ ಇವನಿಗೆ ಹೇಗೆ ಕಂಡಿತು, ಇಳಿಯುವ ಆತುರಕ್ಕೆ ಸುಳ್ಳು ಹೇಳಿದ್ದಾನೆ, ತಪ್ಪು ಪೂರ್ತಿ ಅವನದೇ ಎಂದು ಗುಮಾಸ್ತನಿಗೆ ಬರೆಸತೊಡಗಿದರು. ಮೂಲೆಯ ಕುರ್ಚಿಯಲ್ಲಿ ತಲೆ ಇನ್ನಷ್ಟು ತಗ್ಗಿತು. ಮೋಡದಕ್ಕ ತುಟಿ ಪಿಟಕ್ಕೆನ್ನದೆ ಕೂತಿದ್ದರೆ ಕೆಲಸ ಉಳಿಯುತ್ತಿತ್ತು. ಅವಳಿಂದ ಆಗಲಿಲ್ಲ.

"ಅವರು ಸುಳ್ಳು ಹೇಳಿಲ್ಲ ಸಾರ್. ಅವತ್ತು ನನಗೂ ಅದು ಕಾಣ್ತು. ನಾನು ನೋಡ್ದೆ ಅಂದಿದ್ದಕ್ಕೇ ಅವರಿಗೂ ಕಾಣ್ತು. ನನ್ನ ಹೆಸರಿಗೆ ಬರ್ಕೊಳ್ಳಿ."

ಗುಮಾಸ್ತನ ಪೆನ್ನು ನಿಂತಿತು. ಪೈಲಟ್‌ನ ಹೆಂಡತಿ ಎದ್ದು ಕಿಟಕಿಯ ಹತ್ತಿರ ಹೋದಳು. ಹೊರಗೆ ಮಂಜು ಕವಿದಿತ್ತು.

"ಈಗ್ಲೂ ಕಾಣುತ್ತಾ ನಿಮಗೆ?"

"ಕಾಣುತ್ತಮ್ಮ."

ಆಕೆ ಗಾಜಿಗೆ ಹಣೆ ಒತ್ತಿ ಬಹಳ ಹೊತ್ತು ನೋಡಿದಳು. "ಎಲ್ಲಿ ಅಕ್ಕ? ಬರೀ ಬೆಳ್ಳಗಿದೆ. ತೋರಿಸಿ."

ಮೋಡದಕ್ಕ ತೋರಿಸಲು ಎತ್ತಿದ ಕೈಯನ್ನು ಗಾಬರಿಯಿಂದ ಹಿಂದಕ್ಕೆ ತೆಗೆದುಕೊಂಡಳು.