ಅವಳದೆಂದು ತೋರಿಸಿದ ದನಿ

ಒಂದು ಕಾಲದಲ್ಲಿ ಕೋಲಾರದ ಸುತ್ತಮುತ್ತ ಆ ಸೋಬಾನೆ ಕ್ಯಾಸೆಟ್ ಹಾಕದ ಮದುವೆಮನೆ ಇರಲಿಲ್ಲ. ಅದು ಬಂದು ಇಪ್ಪತ್ತೈದು ವರ್ಷವಾಯಿತೆಂದು ಈಚೆಗೆ ಬೆಳ್ಳಿ ಹಬ್ಬ ಮಾಡಿದರು. ಅದರಲ್ಲಿ ಸೇರಿ ಹಾಡಿದ ಹೆಂಗಸರಲ್ಲಿ ನನ್ನ ಹೆಂಡತಿಯೂ ಒಬ್ಬಳು. ಅವಳು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವಳಿಗೆ ಹೊದಿಸಬೇಕಾಗಿದ್ದ ಶಾಲನ್ನು ತೆಗೆದುಕೊಳ್ಳಲು ನನ್ನನ್ನು ಕರೆದರು.

ನನಗೆ ಹೋಗುವ ಮನಸ್ಸಿರಲಿಲ್ಲ. ಮಾಲೂರಿಗೆ ಕೊಟ್ಟಿರುವ ಮಗಳು ಬಿಡಲಿಲ್ಲ. ಅವಳಮ್ಮನ ಬಳಿ ಇದ್ದದ್ದು ಬಟನ್ ಫೋನು. ಆ ಕ್ಯಾಸೆಟ್ ಬಿಟ್ಟರೆ ಅವಳ ದನಿ ಎಲ್ಲಿಯೂ ಉಳಿದಿಲ್ಲ. ಅಷ್ಟು ಜನರಲ್ಲಿ ಅಮ್ಮನ ದನಿ ಯಾವುದೆಂದು ತೋರಿಸಿಕೊಡು, ಅಷ್ಟನ್ನೇ ಕತ್ತರಿಸಿ ಇಟ್ಟುಕೊಳ್ಳುತ್ತೇನೆ ಎಂದಳು.

ಶಾಲು ಹೊದಿಸಿದ ಮೇಲೆ ಹಾಡು ಹಾಕಿದರು. ನಿಮ್ಮ ಮನೆಯವರ ದನಿ ಯಾವುದು ಹೇಳಿ ಎಂದು ನಿರೂಪಕರು ಮೈಕನ್ನು ನನ್ನ ಬಾಯಿಗೆ ಹಿಡಿದರು. ಮದುವೆಮನೆಗಳಲ್ಲಿ ಎಲೆ ಹಾಕುತ್ತ, ನೀರು ಹೊರುತ್ತ ಕೇಳಿದ ಹಾಡು ಅದು. ಕೂತು ಕೇಳಿದವನಲ್ಲ. ಅಷ್ಟರಲ್ಲಿ ಎಲ್ಲರ ಮೇಲೆ ಒಂದು ದನಿ ಖಣಖಣ ಎದ್ದಿತು. ನನ್ನವಳು ಹಿಪ್ಪುನೇರಳೆ ತೋಟದಿಂದ ಕೂಗಿದರೆ ರಸ್ತೆಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ಇದೇ ಎಂದೆ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿ ಫೋನು ಹಿಡಿದಿದ್ದ ಮಗಳು ಅತ್ತಳು. ನಾನೂ ಅದೇ ಶಾಲಿನಲ್ಲಿ ಕಣ್ಣೊರೆಸಿಕೊಂಡೆ.

ಊಟದ ಹೊತ್ತಿಗೆ ಕ್ಯಾಸೆಟ್ಟಿನಲ್ಲಿ ಹಾಡಿದವರಲ್ಲೊಬ್ಬಳು, ಕೋಲಾರದ ಟೈಲರ್ ಸಾಹೇಬರ ಹೆಂಡತಿ, ಪಕ್ಕಕ್ಕೆ ಬಂದು ಕೂತಳು. ನನ್ನವಳಿಗೆ ಅಕ್ಕತಂಗಿಯಂತೆ ಇದ್ದವಳು.

"ಬೇಜಾರ್ ಮಾಡ್ಕೋಬೇಡ ಅಣ್ಣಾ. ನೀನು ತೋರ್ಸಿದ್ದು ನನ್ ದನಿ."

ರೆಕಾರ್ಡಿಂಗಿಗೆ ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಮೈಕಂತೆ. ಮೆಲುದನಿಯವರನ್ನು ಅದರ ಮುಂದೆ ನಿಲ್ಲಿಸಿ, ಜೋರು ಗಂಟಲಿನವರನ್ನು ಹಿಂದಿನ ಗೋಡೆಗೆ ಕಳಿಸಿದರಂತೆ. ನನ್ನವಳು ಗೋಡೆಗೇ ಒರಗಿ ಹಾಡಿದ್ದಳು.

"ನನ್ ಗಂಟ್ಲಿಗೆ ಮೈಕ್ ಯಾಕೆ, ಇಲ್ಲಿಂದ್ಲೇ ನಮ್ಮೂರು ಸುಗಟೂರಿಗೆ ಕೇಳುತ್ತೆ ಅಂತ ನಗ್ತಿದ್ಳು. ನಾವೆಲ್ಲ ಸಾಲು ಮುಗ್ಸಿ ಉಸ್ರು ತಗೊಳ್ವಾಗ ಹಿಂದೆ ಒಂದು ಸಣ್ಣ ಎಳೆ ನಿಂತಿರುತ್ತೆ ನೋಡು, ಅದು ಅವ್ಳು."

ಅಲ್ಲೇ ಹೇಳಬಾರದಿತ್ತೇ ಎಂದು ಕೇಳಿದೆ. ಮಗಳು ಅಳುತ್ತಿದ್ದಳಲ್ಲ, ಹೇಗೆ ಹೇಳಲಿ ಎಂದಳು.

ಅಷ್ಟರಲ್ಲಿ ಮಗಳು ಆ ತುಣುಕನ್ನು ನೆಂಟರಿಗೆಲ್ಲ ಕಳಿಸಿಬಿಟ್ಟಿದ್ದಳು. ಮುಳಬಾಗಿಲಿನ ನಾದಿನಿ ಮತ್ತೆ ಮತ್ತೆ ಹಾಕಿಕೊಂಡು ಅತ್ತಳಂತೆ. ಶ್ರೀನಿವಾಸಪುರದಿಂದ ಬಾಮೈದ ಫೋನು ಮಾಡಿ, ಅಕ್ಕ ಎದುರಿಗೇ ನಿಂತು ಹಾಡಿದಂತಿದೆ ಬಾವಾ ಎಂದ. ನಾನು ಹೂಂ ಎಂದೆ. ಸಭೆಯಲ್ಲಿ ತೋರಿಸಿದ್ದು ತಿಳಿಯದೆ. ಈ ಹೂಂ ತಿಳಿದೇ ಹೇಳಿದ್ದು. ಜೊತೆಗೆ ಬಾಳಿದ ಹೆಂಡತಿಯ ದನಿ ಗೊತ್ತಾಗಲಿಲ್ಲವೆಂದು ಯಾರ ಮುಂದೆ ಹೇಳಿಕೊಳ್ಳಲಿ? ದಿನಗಳು ಹೋದವು.

ಕೊನೆಗೆ ಮಗಳು ಫೋನು ಮಾಡಿ, ಅಮ್ಮನ ವರ್ಷದ ತಿಥಿಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಅದನ್ನೇ ಹಾಕಿಸುತ್ತೇನೆ ಎಂದಳು. ಆ ತಿಥಿಗೆ ಟೈಲರ್ ಹೆಂಡತಿಯೂ ಬರುತ್ತಾಳೆ. ತನ್ನ ದನಿಗೆ ನಾವೆಲ್ಲ ಅಳುವುದನ್ನು ನೋಡುತ್ತ ಅವಳು ಸುಮ್ಮನೆ ಕೂತಿರಬೇಕು.

"ನಾನು ತಪ್ಪು ತೋರಿಸ್ದೆ ಕಣಮ್ಮಾ. ಅದು ನಿಮ್ಮಮ್ಮ ಅಲ್ಲ," ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

ಬಯ್ಯುತ್ತಾಳೆಂದುಕೊಂಡಿದ್ದೆ. ಫೋನಿನಲ್ಲೇ ಹಾಡು ಶುರುವಾಗುವುದು ಕೇಳಿಸಿತು. ಒಂದು ಸಾಲು ಮುಗಿಯಿತು, ಉಸಿರು ತೆಗೆದುಕೊಳ್ಳುವ ಜಾಗವೂ ದಾಟಿತು, ನಿಲ್ಲಿಸಿದಳು. ಮತ್ತೆ ಹಾಕಿದಳು.

"ನಂಗೇನೋ ಕೇಳ್ಸಿದಂಗಾಯ್ತು ಅಪ್ಪಾ. ನಿಂಗೆ ಕೇಳ್ಸ್ತಾ?"

ಮತ್ತೆ ಹೂಂ ಎಂಬುದು ಬಾಯಿಗೆ ಬಂದಿತ್ತು.

"ಇಲ್ಲ ಕಣಮ್ಮಾ," ಎಂದೆ. "ಇನ್ನೊಂದ್ಸಲ ಹಾಕು."